ಕರಿಬಸಮ್ಮನ ಬೀಳದ ನೀರು

ಅಜ್ಜಂಪುರದ ಕರಿಬಸಮ್ಮ ಅಡಿಗೆಗೆ ನಿಂತ ಮದುವೆಮನೆಯಲ್ಲಿ ಹೊಸ ಅಳಿಯಂದಿರು ಕೂರುವ ಮೊದಲು ಮಣೆ ಎತ್ತಿ ನೋಡುತ್ತಿದ್ದರು. ನೋಡದೆ ಕೂತವರ ಗತಿ ಊರಿಗೆಲ್ಲ ಗೊತ್ತಿತ್ತು. ಮಣೆಯ ಕೆಳಗೆ ಆಕೆ ಸುಟ್ಟ ಹಪ್ಪಳ ಹಾಸಿರುತ್ತಿದ್ದಳು. ಅಳಿಯ ಕೂತೊಡನೆ ಪಟಪಟ ಸದ್ದಾಗಿ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮಣೆ ಎತ್ತಿ ನೋಡಿದ ಜಾಣ ಹೋಳಿಗೆ ಬಿಡಿಸಿ ನೋಡುತ್ತಿರಲಿಲ್ಲ, ಅದರೊಳಗೆ ಹೂರಣದ ಬದಲು ಹತ್ತಿ. ಅದನ್ನೂ ಕಂಡುಹಿಡಿದವನಿಗೆ ಕಡುಬಿನೊಳಗೆ ಹಸಿಮೆಣಸಿನಕಾಯಿ ಕಾದಿರುತ್ತಿತ್ತು. ಬೀಗರ ಊಟದಲ್ಲಿ ಅಳಿಯನನ್ನು ಪೇಚಿಗೆ ಸಿಕ್ಕಿಸುವುದು ಆ ಸೀಮೆಯಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿಯೇ. ಆದರೆ ಬೇರೆಯವರು ಅದನ್ನು ಶಾಸ್ತ್ರಕ್ಕೆ ಮಾಡುತ್ತಿದ್ದರು, ಕರಿಬಸಮ್ಮ ಹೊಟ್ಟೆಪಾಡಿನಷ್ಟು ಮುತುವರ್ಜಿಯಿಂದ ಮಾಡುತ್ತಿದ್ದಳು.

ಹಾಗಂತ ಆಕೆಯನ್ನು ಹಗುರವಾಗಿ ಕಾಣುವ ಹಾಗಿರಲಿಲ್ಲ. ಶಿವಭಕ್ತರ ಮನೆತನ, ಮಡಿ ಹುಡಿಯಲ್ಲಿ ಒಂದು ಕೂದಲೆಳೆ ಆಚೀಚೆ ಇಲ್ಲ. ಮಠದ ದಾಸೋಹದ ಕೊಪ್ಪರಿಗೆ ಆಕೆಯ ಸುಪರ್ದಿನಲ್ಲಿತ್ತು. ಅದಕ್ಕೆ ಮುಂಚೆ ಆ ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದವನು ತೀರ್ಥಪ್ಪ. ಒಂದು ವರ್ಷ ಅವನು ಮಾಡಿದ ಗೋಧಿ ಪಾಯಸ ತಳ ಹತ್ತಿ, ಅಯ್ಯನವರೇ ಮುಖ ಕಿವುಚಿದ ಮೇಲೆ ಸೌಟು ಕರಿಬಸಮ್ಮನ ಕೈಗೆ ಬಂತು. ತೀರ್ಥಪ್ಪ ಅಂದಿನಿಂದ ಆಕೆಯ ಪಾತ್ರೆಯೊಳಗೆ ಇಣುಕುವುದನ್ನೇ ಕಸುಬು ಮಾಡಿಕೊಂಡಿದ್ದ. ಉಪ್ಪು ಹೆಚ್ಚಾದರೆ ಅವನಿಗೆ ಹಬ್ಬ.

ಕರಿಬಸಮ್ಮನಿಗೆ ಮಕ್ಕಳಿರಲಿಲ್ಲ. ತಂಗಿ ಬಾಣಂತನದಲ್ಲೇ ಕಣ್ಣು ಮುಚ್ಚಿದಾಗ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಸಾಕಿದ್ದಳು. ಆ ಕೂಸೇ ಗುರುಶಾಂತಮ್ಮ. ಮನೆಯಲ್ಲಿ ಶಾಂತು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಇಷ್ಟು ಕೀಟಲೆಯ ಹೆಂಗಸಿನ ಕೈಯಲ್ಲಿ ಇಷ್ಟು ಸಾಧು ಹುಡುಗಿ ಹೇಗೆ ಬೆಳೆಯಿತೋ ಎಂದು ಜನ ಬೆರಗಾಗುತ್ತಿದ್ದರು. ಅವಳಿಗೊಂದು ಒಳ್ಳೆಯ ಮನೆ ಸಿಗಲಿ ಅನ್ನುವುದೊಂದು ವಿಷಯದಲ್ಲಿ ಮಾತ್ರ ಕರಿಬಸಮ್ಮ ಎಂದೂ ತಮಾಷೆ ಮಾಡಿದವಳಲ್ಲ.

ಅದು ಮೈಸೂರು ಮಹಾರಾಜರ ಸರ್ಕಾರಕ್ಕೆ ಕಂಡದ್ದರಲ್ಲೆಲ್ಲ ಕೈಗಾರಿಕೆ ಕಾಣುತ್ತಿದ್ದ ಕಾಲ. ಗಂಧದೆಣ್ಣೆ ಆಯಿತು, ಸೋಪು ಆಯಿತು, ಇನ್ನು ಕೆರೆಯ ಮೀನಿನಿಂದ ಅಂಟು ತೆಗೆಯಲಾದೀತೇ ನೋಡಿ ಎಂದು ಯಾರಿಗೋ ಹೊಳೆದು, ಬೆಂಗಳೂರಿನಿಂದ ಒಬ್ಬ ಆಫೀಸರು ಗಾಜಿನ ಬುರುಡೆಗಳ ಪೆಟ್ಟಿಗೆ ಹೊತ್ತು ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದರು. ಮುಸಾಫಿರಖಾನೆಯ ಜಗಲಿಯಲ್ಲಿ ಅಂಗಡಿ ಹೂಡಿದರು. ತಮಾಷೆಯೆಂದರೆ ಆತ ಈರುಳ್ಳಿಯನ್ನೂ ಮುಟ್ಟದ ಬ್ರಾಹ್ಮಣರು. ಮೀನನ್ನು ಕೋಲಿನಿಂದ ತಿರುವಿ ಹಾಕುತ್ತಿದ್ದರು, ಆಮೇಲೆ ಸ್ನಾನ, ಮತ್ತೆ ಮೀನು, ಮತ್ತೆ ಸ್ನಾನ. ಊರಿನವರು ಅವರಿಗೆ ಮೀನು ಆಫೀಸರು ಎಂದು ಹೆಸರಿಟ್ಟರು. ಅವರ ಊಟಕ್ಕೆ ಶುದ್ಧ ಕೈಯೇ ಬೇಕೆಂದು ಶೇಕದಾರರು ಕರಿಬಸಮ್ಮನನ್ನು ಒಪ್ಪಿಸಿದರು. ಹಿಂದಿನ ಕೋಣೆಯಲ್ಲಿ ಆಕೆಯ ಒಲೆ, ಮುಂದಿನ ಜಗಲಿಯಲ್ಲಿ ಆಫೀಸರ ಒಲೆ, ನಡುವೆ ಒಂದು ಬಾಗಿಲು. ಬಾಗಿಲು ಹಾಕಿಕೊಳ್ಳುವ ಜಾಯಮಾನ ಕರಿಬಸಮ್ಮನದಲ್ಲ.

ಬೆಸ್ತರ ಲಕ್ಕಣ್ಣ ಬುಟ್ಟಿಯಲ್ಲಿ ಮೀನಿನ ಹುರುಪೆ, ಚರ್ಮ, ಹೊಟ್ಟೆಯೊಳಗಿನ ಗಾಳಿಚೀಲ ತಂದು ಸುರಿಯುತ್ತಿದ್ದ. ಆಫೀಸರು ಅವನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಹಾಕಿ, ತೊಳೆದು, ಹುಳಿನೀರಿನಲ್ಲಿ ಅದ್ದಿ, ಮತ್ತೆ ತೊಳೆದು, ಕುದಿ ಬರದ ಹಾಗೆ ಸಣ್ಣ ಉರಿಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸುತ್ತಿದ್ದರು. ಆ ತಿಳಿಯನ್ನು ತಟ್ಟೆಯಲ್ಲಿ ಒಣಗಿಸಿದರೆ ಹಪ್ಪಳದ ಹಾಗೆ ಹಾಳೆ ಏಳುತ್ತಿತ್ತು. ಇದಕ್ಕೆ ಹೋಲಿಸಿ ನೋಡಲೆಂದು ಸಮುದ್ರದ ಕಡೆಯಿಂದ ಒಣಗಿದ ಕಡಲಪಾಚಿಯ ಸಿಂಬೆಗಳನ್ನೂ ತರಿಸಿದ್ದರು. ಅದನ್ನು ಗಳಗಳ ಕುದಿಸಿ ಸೋಸಿಟ್ಟರೆ ಸಾಕು, ಕೈಗೆ ಬೆಚ್ಚಗಿರುವಾಗಲೇ ಹೆಪ್ಪುಗಟ್ಟುತ್ತಿತ್ತು.

"ಎರಡೂ ನೋಡಾಕೆ ಒಂದೇ ಥರ ಅವೆಯಲ್ಲ ಸ್ವಾಮಿ," ಎಂದಳು ಕರಿಬಸಮ್ಮ ಬಾಗಿಲಲ್ಲಿ ನಿಂತು.

"ನೋಡೋದಕ್ಕೆ ಒಂದೇ ಕಣಮ್ಮ, ಕುಲ ಬೇರೆ," ಎಂದರು ಆಫೀಸರು. ಕೇಳುವವರಿಲ್ಲದೆ ಒಣಗಿಹೋಗಿದ್ದ ಮನುಷ್ಯ, ಉತ್ಸಾಹ ಬಂತು. ಎರಡರ ಚೂರನ್ನೂ ಕೆಂಡಕ್ಕೆ ಹಾಕಿ ತೋರಿಸಿದರು. ಮೀನಿನದು ಕೂದಲು ಸುಟ್ಟ ವಾಸನೆ ಹೊಡೆಯಿತು, ಪಾಚಿಯದು ಕಾಗದ ಸುಟ್ಟ ಹಾಗೆ. "ಇದು ಮಾಂಸದ ಕುಲ. ಅದು ಗಂಜಿ, ಸಕ್ಕರೆಯ ಕುಲ. ಅಡಿಕೆಯ ಚೊಗರು ನೀರು ಹಾಕಿ ನೋಡಿ, ಮೀನಿಂದು ಹಾಲು ಒಡೆದ ಹಾಗೆ ಒಡೆಯುತ್ತೆ. ಪಾಚಿದು ಜಗ್ಗೋದಿಲ್ಲ."

ಇಂಥ ಪಾಠ ಕೇಳಿದರೆ ಬೇರೆ ಯಾರಾದರೂ ಜ್ಞಾನ ಬಂತೆಂದು ಕೈಮುಗಿಯುತ್ತಿದ್ದರು. ಕರಿಬಸಮ್ಮ ಮಾತ್ರ ಆ ಹೆಪ್ಪುಗಟ್ಟಿದ ತಿಳಿನೀರನ್ನು ನೋಡಿದಳು, ಬುರುಡೆಯನ್ನು ತಲೆಕೆಳಗು ಮಾಡಿದರೂ ಅದು ಬೀಳದ್ದನ್ನು ನೋಡಿದಳು, ಆಕೆಯ ಕಣ್ಣಿಗೆ ಒಬ್ಬ ಅಳಿಯ ಕಂಡ.

ಆಫೀಸರಿಗೆ ವರ್ಗವಾಯಿತು. ಹೋಗುವಾಗ ಉಳಿದ ಪಾಚಿಯ ಸಿಂಬೆಯನ್ನೂ ಮೀನಿನ ಒಂದು ಹಾಳೆಯನ್ನೂ ಮುಸಾಫಿರಖಾನೆಯಲ್ಲೇ ಬಿಟ್ಟರು. ಎರಡೂ ಕರಿಬಸಮ್ಮನ ಮಡಿಲು ಸೇರಿದವು. ಪಾಚಿ ಸರಿ, ಮೀನಿನ ಹಾಳೆ ಯಾಕೆ ಬೇಕಿತ್ತು ಅನ್ನಿ? ಕೈ ಸುಮ್ಮನಿರಲಿಲ್ಲ, ಅಷ್ಟೆ. ಪುಷ್ಯಮಾಸದ ಚಳಿಯಲ್ಲಿ, ಗಂಡ ಈರಣ್ಣ ಹೊಲಕ್ಕೆ ಹೋದಾಗ, ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಒಂದು ಒಡಕು ಮಡಕೆಯಲ್ಲಿ ಅರ್ಧ ಹಾಳೆಯನ್ನು ಕರಗಿಸಿದಳು. ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿ ನಿಂತಿದೆ. ಕಣ್ತುಂಬ ನೋಡಿ, ಬೆಕ್ಕಿಗೆ ಹಾಕಿ, ತಲೆಗೆ ನೀರು ಹಾಕಿಕೊಂಡಳು. ಉಳಿದ ಅರ್ಧವನ್ನು ಬೇಸಿಗೆ ಶುರುವಾದಾಗ ಕರಗಿಸಿದಳು. ಏನು ಮಾಡಿದರೂ ಅದು ಸಾರಿನಂತೆಯೇ ಉಳಿಯಿತು. ಬಿಸಿಲಿಗೆ ಮೀನು ನಿಲ್ಲೋದಿಲ್ಲ, ಪಾಚಿ ನಿಲ್ಲುತ್ತೆ ಎಂದು ತಿಳಿದುಕೊಂಡು ಮಡಕೆ ಒಡೆದು ತಿಪ್ಪೆಗೆ ಎಸೆದಳು. ಶಿವಭಕ್ತರ ಹಿತ್ತಿಲಲ್ಲಿ ಮೀನು ಬೆಂದ ಸುದ್ದಿ ಆಕೆಗೆ ಗೊತ್ತು, ಬೆಕ್ಕಿಗೆ ಗೊತ್ತು.

ವೈಶಾಖದಲ್ಲಿ ಶಾಂತುವಿಗೆ ಮದುವೆ. ಗಂಡು ತರೀಕೆರೆಯ ಮಂಡಿ ದೇವೀರಪ್ಪನವರ ಮಗ, ಬಸವರಾಜ ಎಂದು ಹೆಸರು, ನಕ್ಕರೆ ಕೆನ್ನೆ ಗುಳಿ ಬೀಳುವ ಹುಡುಗ. ದೇವೀರಪ್ಪನವರು ಬೇರೆಯೇ ಸರಕು. ಹಣೆಯ ವಿಭೂತಿ ಹುಬ್ಬಿನವರೆಗೆ, ಲಿಂಗಪೂಜೆ ಆಗದೆ ಹನಿ ನೀರು ಗಂಟಲಿಗಿಳಿಯದು, ಬೀಗರ ಮನೆಯ ಬಾವಿಯನ್ನೂ ಬಗ್ಗಿ ನೋಡಿ ಒಪ್ಪಿಕೊಂಡವರು. ಅವರ ದಿಬ್ಬಣ ಬೀರೂರಿನಲ್ಲಿ ರೈಲು ಬದಲಾಯಿಸಿಕೊಂಡು ಬಂತು. ಧಾರೆ ಸಾಂಗವಾಗಿ ಆಯಿತು. ಮಾರನೆಯ ಮಧ್ಯಾಹ್ನ ಬೀಗರ ಊಟ, ಸಂಜೆಯ ಗಾಡಿಗೆ ಹುಡುಗಿಯನ್ನು ಕರೆದುಕೊಂಡು ಹೊರಡುವುದೆಂದು ಗೊತ್ತಾಗಿತ್ತು.

ಚಪ್ಪರದೊಳಗೆ ಸುಡುಬಿಸಿಲಿನ ಧಗೆ. ಅಳಿಯ ಮಣೆ ಎತ್ತಿ ನೋಡಿದ, ಹೋಳಿಗೆ ಬಿಡಿಸಿ ನೋಡಿದ, ಕಡುಬು ಮುರಿದು ನೋಡಿದ. ಎಲ್ಲ ಸರಿಯಾಗಿತ್ತು. ಬಚಾವಾದೆ ಎಂದುಕೊಂಡು ಪಕ್ಕದ ಬೆಳ್ಳಿ ಲೋಟ ಎತ್ತಿದ. ಎಂಜಲಾಗಬಾರದೆಂದು ಎಲ್ಲರ ಹಾಗೆ ಅವನೂ ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು, ಲೋಟವನ್ನು ಮೇಲೆತ್ತಿ ಬಗ್ಗಿಸಿದ. ನೀರು ಬರಲಿಲ್ಲ. ಇನ್ನಷ್ಟು ಬಗ್ಗಿಸಿದ. ಲೋಟ ಪೂರಾ ಬೋರಲಾಯಿತು, ಒಳಗೆ ನೀರು ಥಳಥಳ ಹೊಳೆಯುತ್ತಿದೆ, ಹನಿ ಬೀಳದು. ಬಾಯಿ ತೆರೆದುಕೊಂಡೇ ಅವನು ಸುತ್ತಲಿನವರನ್ನು ಓರೆಗಣ್ಣಿನಿಂದ ನೋಡಿದ. ಅಷ್ಟರಲ್ಲಿ ನೀರೆಲ್ಲ ಒಂದೇ ಮುದ್ದೆಯಾಗಿ ಜಾರಿ, ಅರ್ಧ ಬಾಯಿಗೆ ಅರ್ಧ ಮೂಗಿಗೆ ಬಿತ್ತು.

ಆ ನಗೆ ಸ್ಟೇಷನ್ನಿನವರೆಗೆ ಕೇಳಿಸಿತೆಂದು ಹೇಳುತ್ತಾರೆ. ದೇವೀರಪ್ಪನವರ ವಿಭೂತಿಯೂ ಸಡಿಲವಾಯಿತು. ಅಳಿಯನೂ ನಕ್ಕ. ಸಕ್ಕರೆ, ಏಲಕ್ಕಿ ಬಿದ್ದಿದ್ದ ಮುದ್ದೆ ರುಚಿಯಾಗಿತ್ತು, ಎಲೆಯ ಮೇಲೆ ಬಿದ್ದಿದ್ದನ್ನೂ ಬಾಚಿ ತಿಂದ. ಒಳಬಾಗಿಲಲ್ಲಿ ನಿಂತಿದ್ದ ಶಾಂತು ಕೂಡ ನಕ್ಕಳು. ಅದನ್ನು ಕಂಡು ಕರಿಬಸಮ್ಮನಿಗೆ ಜನ್ಮ ಸಾರ್ಥಕವಾದಂತಾಯಿತು.

"ಅದೇನ್ರಮ್ಮ ಅದು, ನೀರಿಗೆ ಏನು ಹಾಕಿದ್ರಿ?" ಎಂದು ದೇವೀರಪ್ಪನವರು ಕೇಳಿದರು.

ಕರಿಬಸಮ್ಮ ಬಾಯಿ ತೆರೆಯುವ ಮೊದಲೇ ಪಂಕ್ತಿಯ ಕೊನೆಯಿಂದ ತೀರ್ಥಪ್ಪ, ತಾಂಬೂಲದ ತಟ್ಟೆಗೆ ಕೈ ಹಾಕುತ್ತ, ಏನೂ ಅರಿಯದವನ ಹಾಗೆ ಅಂದ: "ಮೀನು ಆಫೀಸರು ಕೊಟ್ಟಿದ್ದಲ್ವೇನಮ್ಮ? ಮುಸಾಫಿರಖಾನೇಲಿ ಮೀನು ಬೇಯಿಸಿ ಇಂಥದ್ದನ್ನೇ ಮಾಡ್ತಿದ್ರಲ್ಲ."

ಪಂಕ್ತಿಯಲ್ಲಿ ಎತ್ತಿದ ತುತ್ತು ಎತ್ತಿದಲ್ಲೇ ನಿಂತಿತು. ದೇವೀರಪ್ಪನವರು ಎದ್ದರು. ಉಳಿದವರೂ ಎದ್ದರು. "ಅದು ಕಡಲಪಾಚಿ ಬೀಗರೇ, ಗಿಡದ ಜಾತಿ," ಎಂದು ಕರಿಬಸಮ್ಮ ಉಳಿದಿದ್ದ ಸಿಂಬೆ ತಂದು ತೋರಿಸಿದಳು, ಕೆಂಡಕ್ಕೆ ಹಾಕಿ ಹೊಗೆಯನ್ನೂ ಮೂಸಿಸಿದಳು. ದೇವೀರಪ್ಪನವರು ಒರಟು ಮಾತಾಡಲಿಲ್ಲ. ಮಾತಾಡಿದ್ದರೆ ಎಷ್ಟೋ ವಾಸಿಯಿತ್ತು.

"ಕೈಲಿರೋದು ಗಿಡವೇ ಇರಬೌದು. ಲೋಟದಲ್ಲಿ ಇದ್ದದ್ದು ಇದೇ ಅಂತ ಹೆಂಗೆ ನಂಬೋದು? ಅದನ್ನ ಹುಡುಗ ತಿಂದು ಮುಗಿಸಿಬಿಟ್ಟ. ಅವನ ಕೊರಳಲ್ಲಿ ಲಿಂಗ ಐತೆ ಕಣಮ್ಮ. ಇದು ತೀರ್ಮಾನ ಆಗೋವರ್ಗೂ ಹುಡುಗಿ ಇಲ್ಲೇ ಇರ್ಲಿ. ನಾವು ಸಂಜೆ ಗಾಡಿಗೆ ಹೊರಡ್ತೀವಿ."

ಧಾರೆಯಾದ ಮರುದಿನ ಬಿಟ್ಟುಹೋದ ಹುಡುಗಿಯನ್ನು ಮತ್ತೆ ಬಂದು ಕರೆದುಕೊಂಡು ಹೋದದ್ದನ್ನು ಯಾರು ಕಂಡಿದ್ದಾರೆ? ಇಂದು ಮಠ, ನಾಳೆ ಪಂಚಾಯಿತಿ, ಅಷ್ಟರಲ್ಲಿ ಮೀನು ತಿನ್ನಿಸಿದವರ ಮನೆ ಹುಡುಗಿ ಎಂಬ ಹೆಸರು. ಕರಿಬಸಮ್ಮ ಒಳಗೆ ಬಂದಳು. ಶಾಂತು ಧಾರೆ ಸೀರೆಯಲ್ಲೇ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಕಟ್ಟಿಟ್ಟ ಟ್ರಂಕು.

"ದೊಡ್ಡವ್ವ, ಅದು ಮೀನಾ?"

"ಅಲ್ಲ ಕಣೇ."

"ಹಂಗಾದ್ರೆ ಹೋಗಿ ಹೇಳು. ನೀನು ಹೇಳಿದ್ರೆ ನಂಬ್ತಾರೆ."

ಇಷ್ಟು ವರ್ಷ ಇಡೀ ಸೀಮೆಯನ್ನು ಏಮಾರಿಸಿದವಳ ಮಾತನ್ನು ಜನ ನಂಬುತ್ತಾರೆಂದು ನಂಬಿದ್ದವಳು ಈ ಹುಡುಗಿಯೊಬ್ಬಳೇ. ನನ್ನ ನಾಲಿಗೆ ಸೇದಿಹೋಗಲಿ, ನನ್ನ ಕೈಗೆ ಕೊಳ್ಳಿ ಇಡಲಿ, ಇದೊಂದು ಮದುವೆಯಲ್ಲಾದರೂ ಸುಮ್ಮನಿರಬಾರದಿತ್ತೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡು ಮುಗಿದ ಮೇಲೆ ಯೋಚಿಸಿದಳು. ಲೋಟದಲ್ಲಿದ್ದದ್ದು ಹೋಯಿತು, ನಿಜ. ಆದರೆ ಅದು ಮಟಮಟ ಮಧ್ಯಾಹ್ನದಲ್ಲಿ ತಲೆಕೆಳಗಾಗಿ ನಿಂತದ್ದನ್ನು ದೇವೀರಪ್ಪನವರಾದಿಯಾಗಿ ಎಲ್ಲರೂ ಕಣ್ಣಾರೆ ಕಂಡಿದ್ದಾರೆ. ಮೀನಿನದು ಈ ಬಿಸಿಲಿಗೆ ನಿಲ್ಲುವುದಿಲ್ಲ. ಅದನ್ನೇ ಎಲ್ಲರೆದುರು ಮಾಡಿ ತೋರಿಸಿದರೆ ತೀರಿತು.

ತೀರಿತೇ? ನಿಲ್ಲುವುದಿಲ್ಲ ಅಂತ ನಿನಗೆ ಹೇಗೆ ಗೊತ್ತಮ್ಮ ಎಂದು ಒಬ್ಬ ಕೇಳಿದರೆ? ಹಿತ್ತಿಲು, ಮಡಕೆ, ಬೆಕ್ಕು, ಎಲ್ಲ ಬಯಲಿಗೆ ಬರುತ್ತದೆ. ಕೊಪ್ಪರಿಗೆ ಹೋಗುತ್ತದೆ, ಮಠದ ಮೆಟ್ಟಿಲು ಹತ್ತುವ ಹಾಗಿರುವುದಿಲ್ಲ. ಕರಿಬಸಮ್ಮ ಟ್ರಂಕನ್ನೊಮ್ಮೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಕ್ಕಣ್ಣನಿಗೆ ಹೇಳಿಕಳಿಸಿದಳು.

ಲಕ್ಕಣ್ಣ ಬಡಗಿಗಳಿಗೆ ಮಾರಲು ಮೀನಿನ ಅಂಟು ಕಾಯಿಸುತ್ತಿದ್ದವನು. ತನ್ನದೇ ಮಡಕೆ, ತನ್ನದೇ ಹಾಳೆ ತಂದು ಚಪ್ಪರದಾಚೆ ಹೊಂಗೆಮರದ ಕೆಳಗೆ ಒಲೆ ಹೂಡಿದ. "ಅಮ್ಮಾರೇ, ನಿಮ್ಮ ಮದ್ವೇಲಿ ನಂಗೂ ಅಡಿಗೆ ಮಾಡೋ ಯೋಗ ಬಂತಲ್ಲ," ಎಂದು ಹಲ್ಲು ಕಿರಿದ. ಕರಿಬಸಮ್ಮನಿಗೆ ನಗಲು ಆಗಲಿಲ್ಲ. ಅವನಿಂದ ಇಪ್ಪತ್ತು ಮಾರು ದೂರದಲ್ಲಿ ಆಕೆ ಪಾಚಿ ಕುದಿಯಲಿಟ್ಟಳು. ದಿಬ್ಬಣದವರು ಸುತ್ತ ನಿಂತರು. ತೀರ್ಥಪ್ಪ ಎಲ್ಲರಿಗಿಂತ ಮುಂದೆ ನಿಂತ. ಎರಡನ್ನೂ ಸೋಸಿ ಎರಡು ಬೋಗುಣಿಗೆ ಸುರಿದು, ಬಾವಿಯ ನೀರು ತುಂಬಿದ ಎರಡು ಪರಾತಗಳಲ್ಲಿ ಇಟ್ಟರು.

ಎಲ್ಲರೂ ಒಂದು ಸುತ್ತು ಎಲೆಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಪಾಚಿಯದು ನಿಂತಿತು. ಬಸವರಾಜ ತಾನೇ ಹೋಗಿ ಬೋಗುಣಿ ಬೋರಲು ಮಾಡಿದ, ಬೀಳಲಿಲ್ಲ. ಲಕ್ಕಣ್ಣ ತನ್ನದನ್ನು ಬಗ್ಗಿಸಿದ. ಅದು ಗಂಜಿಯ ಹಾಗೆ ಸುರಿದು ಮಣ್ಣಿಗಿಳಿಯಿತು. ಮತ್ತೊಂದು ಬೋಗುಣಿ ಇಟ್ಟು ಇನ್ನೂ ಕಾದರು. ಅದೂ ಸುರಿಯಿತು. ಜನರಲ್ಲಿ ಗುಜುಗುಜು ಎದ್ದಿತು, ಹೆಂಗಸರ ಮುಖ ಗೆಲುವಾಯಿತು.

ಆಗ ತೀರ್ಥಪ್ಪ ಗಂಟಲು ಸರಿಮಾಡಿಕೊಂಡ. ಕೇಡಿಗ, ಅವನ ತಲೆ ಓಡುವುದು ಇಂಥ ಹೊತ್ತಿನಲ್ಲೇ. "ಎಲ್ಲ ಸರಿಯಮ್ಮ. ಮೀನಿಂದು ನಿಲ್ಲಲ್ಲ ಅಂತ ನಿಂಗೆ ಮೊದಲೇ ಹೆಂಗೆ ಗೊತ್ತಿತ್ತು? ಶಿವಭಕ್ತರ ಮನೇಲಿ ಹುಟ್ಟಿದೋಳು, ಮೀನು ಬೇಯಿಸಿ ನೋಡಿದ್ದೆಯಾ?"

ಆಫೀಸರ ಮೇಲೆ ಹಾಕಿಬಿಡಬಹುದಿತ್ತು. ಆದರೆ ಆಫೀಸರು ಇದ್ದದ್ದು ಮೀನಿನದೂ ನಿಲ್ಲುವ ಚಳಿಗಾಲದಲ್ಲಿ, ತೀರ್ಥಪ್ಪನಿಗೂ ಅದು ಗೊತ್ತಿತ್ತು. ಕರಿಬಸಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಶಾಂತು ನಿಂತಿದ್ದಳು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಪಾಚಿಯ ಮಾತೂ ಸುಳ್ಳಾಗುತ್ತದೆ. ಇರಲಿ, ಕೊಪ್ಪರಿಗೆ ಹೋದರೆ ಹೋಗಲಿ ಎಂದುಕೊಂಡು ಆಕೆ ಹೌದು ಅನ್ನಲು ಬಾಯಿ ತೆರೆದಳು.

"ಅದೇನು ಕೇಳೋ ಮಾತೇನಯ್ಯ," ಎಂದು ದೇವೀರಪ್ಪನವರು ನಡುವೆ ಬಾಯಿ ಹಾಕಿದರು. ಬಿಸಿಲಲ್ಲಿ ನಿಂತು ನಿಂತು ಅವರಿಗೆ ರೇಗಿಹೋಗಿತ್ತು. "ಮೀನಿಂದು ಬೇಸಿಗೇಲಿ ಎಲ್ಲಾದ್ರೂ ಬಾವಿನೀರಿಗೆ ನಿಲ್ಲುತ್ತಾ? ರಾತ್ರಿಯೆಲ್ಲ ಹರಿಯೋ ಹಳ್ಳದಲ್ಲಿ ಇಳಿಬಿಡಬೇಕು. ಹಂಗೆ ಮಾಡಿದ್ರೂ ಹೊತ್ತು ಏರೋದ್ರೊಳಗೆ ತಿಂದು ಮುಗಿಸ್ಬೇಕು, ಇಲ್ದಿದ್ರೆ..."

ಇಲ್ಲದಿದ್ದರೆ ಏನಾಗುತ್ತದೆಂದು ಅವರು ಹೇಳಲಿಲ್ಲ. ಅವರ ಹೆಂಡತಿ ವಿಶಾಲಾಕ್ಷಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಮಗ ತಿರುಗಿದ. ದಿಬ್ಬಣವೇ ತಿರುಗಿತು. ತೀರ್ಥಪ್ಪನ ತೆರೆದ ಬಾಯಿಂದ ಎಲೆಅಡಿಕೆಯ ರಸ ಗಲ್ಲಕ್ಕಿಳಿಯಿತು.

ತೆರೆದ ಬಾಯನ್ನು ಕರಿಬಸಮ್ಮ ಮೆಲ್ಲಗೆ ಮುಚ್ಚಿಕೊಂಡಳು. ಮುಖವನ್ನು ಹಸುಗೂಸಿನ ಹಾಗೆ ಮಾಡಿಕೊಂಡು, "ಹೌದಾ ಬೀಗರೇ? ನಮಗೆಲ್ಲಿ ಗೊತ್ತಾಗಬೇಕು ಇವೆಲ್ಲ. ದೊಡ್ಡೋರು ನೀವು ಹೇಳಿದ ಮೇಲೆ ಆಯ್ತಲ್ಲ," ಎಂದಳು.

ದೇವೀರಪ್ಪನವರ ಮುಖ ವಿಭೂತಿಗಿಂತ ಬೆಳ್ಳಗಾಗಿತ್ತು. "ಹೊತ್ತಾಯ್ತು," ಎಂದರು, ಯಾರನ್ನೂ ನೋಡದೆ. "ಹುಡುಗಿಗೆ ಮಡಲಕ್ಕಿ ತುಂಬಿ. ಗಾಡಿ ತಪ್ಪಿಹೋಗುತ್ತೆ."

ಸ್ಟೇಷನ್ನಿನಲ್ಲಿ ಶಾಂತು ದೊಡ್ಡವ್ವನ ಕೊರಳು ಬಿಡಲಿಲ್ಲ. ಕರಿಬಸಮ್ಮನೂ ಅತ್ತಳು, ಮೂಗು ಕೆಂಪಾಗುವಷ್ಟು ಅತ್ತಳು. ಹೆಂಗಸರು ಶಾಂತುವನ್ನು ಡಬ್ಬಿಯೊಳಗೆ ಹತ್ತಿಸುವಾಗ ದೇವೀರಪ್ಪನವರು ಪಕ್ಕಕ್ಕೆ ಬಂದು ನಿಂತು, ಹಳಿಯ ಕಡೆ ನೋಡುತ್ತ ತಗ್ಗಿದ ದನಿಯಲ್ಲಿ ಅಂದರು: "ಎರಡು ವರ್ಷದ ಕೆಳಗೆ ಎದೆ ಕಾಯಿಲೆ ಬಂದಿತ್ತು. ಶಿವಮೊಗ್ಗದ ಡಾಕ್ಟ್ರು ಈ ಮೀನಿನ ಮುದ್ದೆ ತಿನ್ನದಿದ್ರೆ ಉಳಿಯಲ್ಲ ಅಂದ್ರು. ಮನೇಲಿ ಯಾರ್ಗೂ ಹೇಳಿರಲಿಲ್ಲ." ಆಮೇಲೆ ಕೇಳಿದರು: "ನಿಮಗೆ ಹೆಂಗೆ ಗೊತ್ತಿತ್ತು ಬೀಗಿತ್ತಿ?"

ಕರಿಬಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನದು ನಮ್ಮ ಬೆಕ್ಕು ತಿಂತು ಬೀಗರೇ. ನಿಮ್ಮಷ್ಟು ಮುಂದಕ್ಕೆ ನಾನು ಹೋಗಿಲ್ಲ."

ದೇವೀರಪ್ಪನವರು ಆಚೆ ತಿರುಗಿ ಕೆಮ್ಮಿದರು. ಆ ಕೆಮ್ಮು ಎದೆಯದಲ್ಲ ಎಂದು ಕರಿಬಸಮ್ಮನಿಗೆ ತಿಳಿಯಿತು.

ಆಮೇಲೆ ತರೀಕೆರೆಯ ಆ ಮನೆಯಲ್ಲಿ ಶಾಂತು ಐದು ಮಕ್ಕಳನ್ನು ಹೆತ್ತಳು. ಸಾರಿಗೆ ಉಪ್ಪು ಮರೆತಳು, ಹಾಲು ಉಕ್ಕಿಸಿದಳು, ಒಮ್ಮೆ ಮಾವನ ಪೂಜೆಯ ಗಿಂಡಿಯನ್ನೇ ಬಾವಿಗೆ ಬೀಳಿಸಿದಳು. ವಿಶಾಲಾಕ್ಷಮ್ಮ ರೇಗಿ ಬಾಯಿ ಮಾಡಲು ಹೊರಟಾಗಲೆಲ್ಲ ದೇವೀರಪ್ಪನವರು ಒಳಗಿನಿಂದ, "ಬಿಡೇ, ಅಜ್ಜಂಪುರದ ಹುಡುಗಿ," ಎನ್ನುತ್ತಿದ್ದರು, ಅಷ್ಟಕ್ಕೇ ಮನೆ ತಣ್ಣಗಾಗುತ್ತಿತ್ತು. ತವರಿಗೆ ಬಂದಾಗ ಶಾಂತು, "ನಮ್ಮ ಮಾವನಂಥ ದೇವರು ಇನ್ನೊಬ್ಬರಿಲ್ಲ ದೊಡ್ಡವ್ವ, ಒಂದು ದಿನ ನನ್ನ ಮೇಲೆ ದನಿ ಎತ್ತಿಲ್ಲ," ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದಳು.

"ಹೌದು ಕಣೇ," ಎನ್ನುತ್ತಿದ್ದಳು ಕರಿಬಸಮ್ಮ. "ತುಂಬಾ ಒಳ್ಳೇರು." ಅದನ್ನು ಹೇಳುವಾಗ ಆಕೆ ನಗುತ್ತಿರಲಿಲ್ಲ.